ಸಾರಿಲ್ಲದ ಒಗ್ಗರಣೆ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಬಾಂಬ್ ಶೆಲ್ಟರ್ ಖಾಲಿ ಮಾಡಬೇಕೆಂದು ಆಜ್ಞೆ ಹೊರಟಿತು. ಗಾಬರಿಯಾಗಬೇಡಿ, ಯುದ್ಧವೇನೂ ಇಲ್ಲ. ಸಿಂಗಪುರದಲ್ಲಿ 1990ರ ದಶಕದ ಕೊನೆಯಿಂದೀಚೆಗೆ ಕಟ್ಟಿದ ಎಚ್‌ಡಿಬಿ, ಅಂದರೆ ಸರ್ಕಾರಿ ವಸತಿ ಮಂಡಳಿಯ ಮನೆಗಳಲ್ಲಿ ದಪ್ಪ ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು ಇರುವ ಒಂದು ಪುಟ್ಟ ಕೋಣೆ ಇರುತ್ತದೆ. ಬಾಂಬು ಬಿದ್ದರೆ ಮನೆಮಂದಿ ಒಳಗೆ ಸೇರಿಕೊಳ್ಳಲಿ ಎಂಬುದು ಸರ್ಕಾರದ ಮುಂದಾಲೋಚನೆ. ಸೆಂಗ್‌ಕಾಂಗಿನ ನಮ್ಮ ಮನೆಯಲ್ಲಿ ಆ ಕೋಣೆಯೊಳಗೆ ಸೋನಾ ಮಸೂರಿ ಮೂಟೆ, ಮಾವಿನ ಮಿಡಿ ಭರಣಿ, ದಸರಾ ಗೊಂಬೆಗಳ ಡಬ್ಬ, ನಾಲ್ಕು ಸೂಟ್‌ಕೇಸು ಆಗಲೇ ಸೇರಿಕೊಂಡಿವೆ. ಬಾಂಬು ಬಿದ್ದರೆ ಉಪ್ಪಿನಕಾಯಿ ಖಂಡಿತ ಉಳಿಯುತ್ತದೆ, ನಮ್ಮ ಮಾತು ಹೇಳಲಾರೆ.

ಮಗ ಎನ್‌ಎಸ್‌ನಲ್ಲಿದ್ದಾನೆ, ಅಂದರೆ ಇಲ್ಲಿಯ ಹುಡುಗರೆಲ್ಲ ಮಾಡಲೇಬೇಕಾದ ಸೈನಿಕ ಸೇವೆಯಲ್ಲಿ. ವಾರದ ಕೊನೆಗೆ ಅವನ ಜೊತೆ ಬರುವ ಬ್ಯಾಗು, ಬೂಟುಗಳಿಗೆ ಜಾಗ ಬೇಕಿತ್ತು. ನನ್ನಾಕೆ ಕತ್ತಲಲ್ಲಿ ಕೈಹಾಕಿ ಎಳೆದ ಮೊದಲ ವಸ್ತು ಒಂದು ರಟ್ಟಿನ ಪೆಟ್ಟಿಗೆ. ಮೂಲೆ ನಜ್ಜುಗುಜ್ಜಾಗಿತ್ತು. ಮೇಲೆ ಒಂದು ಕ್ರೂರ ಮುಖ.

‘ರೀ, ಈ ಪಿಶಾಚಿ ಇನ್ನೂ ಇದೆಯಾ ಮನೇಲಿ?’

ಇತ್ತು. ಅದು ‘ಡಯಾಬ್ಲೊ 2’ ಎಂಬ ಕಂಪ್ಯೂಟರ್ ಆಟದ ಮುಂದಿನ ಕಂತು, ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’. ಮೂಲ ಆಟ 2000ದ ಜೂನ್ ಕೊನೆಗೆ ಬಂತು, ಇದು ಸರಿಯಾಗಿ ಒಂದು ವರ್ಷಕ್ಕೆ, 2001ರ ಜೂನ್ ಕೊನೆಗೆ. ಇಂಥದ್ದಕ್ಕೆ ಎಕ್ಸ್‌ಪ್ಯಾನ್ಷನ್ ಎನ್ನುತ್ತಾರೆ. ಹಾಗೆಂದರೇನು ಎಂಬುದನ್ನು ನಾನು ಕಲಿತದ್ದು ದುಡ್ಡು ಕೊಟ್ಟು.

ಆಗ ಬೂನ್ ಲೇಯ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ನಾವು ನಾಲ್ವರು ಬ್ರಹ್ಮಚಾರಿಗಳು. ನಾಲ್ವರಿಗೂ ಸೇರಿ ಒಂದು ಕಂಪ್ಯೂಟರು, ಒಂದು ಕುಕ್ಕರು. ಭಾನುವಾರದ ದಿನಚರಿ ಬದಲಾಗುತ್ತಿರಲಿಲ್ಲ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ದೋಸೆ ಹುಯ್ಯುತ್ತಿರುವ ಕೋಮಲ ವಿಲಾಸದಲ್ಲಿ ಹೊಟ್ಟೆ ತುಂಬ ತಿನ್ನುವುದು, ಅದನ್ನು ಕರಗಿಸಲು ಸಿಮ್ ಲಿಮ್ ಸ್ಕ್ವೇರ್‌ವರೆಗೆ ನಡೆಯುವುದು. ಆರು ಮಹಡಿ ತುಂಬ ಕಂಪ್ಯೂಟರ್ ಸಾಮಾನು. ಕೊಳ್ಳುವುದಕ್ಕಿಂತ ಬೆಲೆ ಕೇಳುವುದೇ ಅಲ್ಲಿ ದೊಡ್ಡ ಸುಖ. ಒಂದು ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳು ಅಕ್ಕಪಕ್ಕ ಕೂತಿದ್ದವು. ಒಂದರ ಬೆಲೆ ಜಾಸ್ತಿ, ಇನ್ನೊಂದರದು ಕಡಿಮೆ. ಮಧುಗಿರಿಯಲ್ಲಿ ಬೆಳೆದವನ ಕೈ ಎತ್ತ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯವನು ‘ಬಾಸ್, ಒರಿಜಿನಲ್ ಹ್ಯಾವ್ ಆಲ್ರೆಡಿ?’ ಎಂದು ಕೇಳಿದ. ಕಳ್ಳಪ್ರತಿ ಬೇಕೋ ಅಸಲಿ ಬೇಕೋ ಎಂದು ನನ್ನ ಮಾನವನ್ನೇ ಕೆಣಕುತ್ತಿದ್ದಾನೆ ಎಂದುಕೊಂಡು ಗಂಭೀರವಾಗಿ ‘ಒರಿಜಿನಲ್, ಒರಿಜಿನಲ್’ ಎಂದೆ.

ಮನೆಗೆ ಬಂದು ಸಿಡಿ ಹಾಕಿದರೆ, ಮೊದಲು ಮೂಲ ಆಟವನ್ನು ಹಾಕಿಕೊಂಡು ಬಾ ಎಂದಿತು ಕಂಪ್ಯೂಟರು. ನಾನು ಒಗ್ಗರಣೆಯನ್ನಷ್ಟೇ ಕೊಂಡು ತಂದಿದ್ದೆ, ಸಾರು ಅಂಗಡಿಯಲ್ಲೇ ಉಳಿದಿತ್ತು. ಒಂದು ವಾರ ಪೆಟ್ಟಿಗೆಯ ಹಿಂದಿನ ಬರಹವನ್ನು ಓದಿಕೊಂಡೇ ಆಡಿದೆ. ಮುಂದಿನ ಭಾನುವಾರ ಮತ್ತೆ ದೋಸೆ, ಮತ್ತೆ ಸಿಮ್ ಲಿಮ್. ಅಂಗಡಿಯವನು ನನ್ನ ಮುಖ ನೋಡಿದವನೇ ಕಪಾಟಿನಿಂದ ಮೂಲ ಆಟ ತೆಗೆದು ಮೇಜಿನ ಮೇಲಿಟ್ಟ. ಒಂದು ಮಾತೂ ಆಡಲಿಲ್ಲ. ಅಂಥ ಸಂಭಾವಿತ ವ್ಯಾಪಾರಿಯನ್ನು ಆಮೇಲೆ ನಾನು ಕಂಡಿಲ್ಲ.

ಕಥೆ ಇಷ್ಟೆ: ಮೆಫಿಸ್ಟೊ, ಬಾಲ್, ಡಯಾಬ್ಲೊ ಎಂಬ ಮೂವರು ರಾಕ್ಷಸ ಸಹೋದರರು. ಮೂಲ ಆಟದಲ್ಲಿ ಇಬ್ಬರನ್ನು ಮುಗಿಸುತ್ತೇವೆ. ಉಳಿದ ಬಾಲ್‌ನನ್ನು ಹುಡುಕಿಕೊಂಡು ಅರಿಯಾಟ್ ಎಂಬ ಹಿಮಪರ್ವತ ಹತ್ತುವುದೇ ಈ ಐದನೆಯ ಅಂಕ. ಸಿಂಗಪುರದ ಅತ್ಯುನ್ನತ ಶಿಖರ ಬುಕಿತ್ ತಿಮಾ, ಎತ್ತರ 163 ಮೀಟರು. ನಮ್ಮೂರ ಏಕಶಿಲೆಯನ್ನು ನೋಡಿಕೊಂಡು ಬೆಳೆದವನಿಗೆ ಅದು ಬೆಟ್ಟವೆಂದು ತಿಳಿಯುವುದಕ್ಕೇ ಫಲಕ ಓದಬೇಕಾಯಿತು. ಹಾಗಾಗಿ ನನ್ನ ಪಾಲಿಗೆ ಈ ದ್ವೀಪದಲ್ಲಿದ್ದ ಒಂದೇ ಒಂದು ಬೆಟ್ಟ ಅರಿಯಾಟ್. ಎಸಿ ಇಲ್ಲದ ಕೋಣೆ, ಮೇಲೆ ಗಿರಗಿರ ಫ್ಯಾನು, ಮೈಮೇಲೆ ಬನಿಯನ್ನು; ಪರದೆಯ ಮೇಲೆ ಮೊಣಕಾಲುದ್ದ ಹಿಮ. ಕಂಪ್ಯೂಟರಿನಲ್ಲಿದ್ದ ಸೌಂಡ್ ಬ್ಲಾಸ್ಟರ್ ಕಾರ್ಡು ಇಲ್ಲಿನ ಕ್ರಿಯೇಟಿವ್ ಕಂಪನಿಯದು. 1989ರಲ್ಲಿ ಜಗತ್ತಿನ ಪಿಸಿಗಳಿಗೆ ಗಂಟಲು ಕೊಟ್ಟ ಆ ಕಂಪನಿಯ ಸ್ಥಾಪಕ ಸಿಮ್ ವಾಂಗ್ ಹೂ 2023ರ ಜನವರಿಯಲ್ಲಿ ತೀರಿಕೊಂಡರು. ರಾಕ್ಷಸರು ಎಲ್ಲಿಯವರೋ ಏನೋ, ಅವರ ಕೂಗಾಟ ಮಾತ್ರ ಸಿಂಗಪುರದ್ದು.

ಹೊಸ ಅಂಕ, ಹೊಸ ವೀರರಿಬ್ಬರು, 640ರಿಂದ 800ಕ್ಕೆ ಹಿಗ್ಗಿದ ಪರದೆ ಎಲ್ಲ ಬಂದವು. ನನಗೆ ಅವು ಯಾವುವೂ ಮುಖ್ಯವೆನಿಸಲಿಲ್ಲ. ಎಕ್ಸ್‌ಪ್ಯಾನ್ಷನ್ ಮಾಡಿದ ಮಹದುಪಕಾರ ಬೇರೆ: ಪೆಟ್ಟಿಗೆ ದೊಡ್ಡದು ಮಾಡಿತು. ಆಟದಲ್ಲಿ ನಮ್ಮ ಆಸ್ತಿ ಇಡಲು ಊರಲ್ಲೊಂದು ಟ್ರಂಕು. ಮೊದಲು ಅದರಲ್ಲಿ 24 ಚೌಕ, ಈಗ 48. ಕೋಡುಬಳೆ ಡಬ್ಬ ಒಂದಿದ್ದುದು ಎರಡಾದ ಹಾಗೆ. ಬೆನ್ನಿನ ಚೀಲದಲ್ಲಿ ಮಾತ್ರ ಅದೇ 40 ಚೌಕ. ಅಲ್ಲೇ ಇರುವುದು ತಮಾಷೆ. ಈ ಕಂತಿನಲ್ಲಿ ಹೊಸದಾಗಿ ತಾಯತಗಳು ಬಂದವು. ಒಂದು ತಾಯತಕ್ಕೆ ಒಂದಿಷ್ಟು ಆಯುಷ್ಯ, ಇನ್ನೊಂದಕ್ಕೆ ಬೆಂಕಿಯಿಂದ ರಕ್ಷೆ. ಆದರೆ ಟ್ರಂಕಿನಲ್ಲಿ ಬಿದ್ದಿದ್ದರೆ ಅವು ನಿಷ್ಪ್ರಯೋಜಕ, ಚೀಲದಲ್ಲೇ ಹೊತ್ತು ತಿರುಗಬೇಕು. ಚಿಕ್ಕದಕ್ಕೆ ಒಂದು ಚೌಕ, ದೊಡ್ಡದಕ್ಕೆ ಮೂರು. ನಾನು ಆಸೆಬುರುಕ, ಅರ್ಧ ಚೀಲ ತಾಯತ ತುಂಬಿಕೊಂಡೆ. ಬಡಿದಾಡಿ ರಾಕ್ಷಸನನ್ನು ಕೆಡವಿದರೆ ಚಿನ್ನದಕ್ಷರದ ಹೆಸರಿನ ಕವಚ ಉದುರುತ್ತದೆ. ಅದಕ್ಕೆ ಆರು ಚೌಕ ಬೇಕು, ಚೀಲದಲ್ಲಿ ಜಾಗವಿಲ್ಲ. ಬಲ ಬಂದದ್ದು ತಾಯತದಿಂದ, ಬಲದಿಂದ ಬಂದದ್ದನ್ನು ಎತ್ತಿಕೊಳ್ಳಲು ಬಿಡದ್ದೂ ತಾಯತವೇ.

2004ರಲ್ಲಿ ಮದುವೆಯಾಗಿ ಬಂದವಳು ಒಂದು ಸಂಜೆ ನನ್ನ ಈ ಒದ್ದಾಟ ನೋಡಿ, ‘ಇಷ್ಟೇನಾ, ಆ ಡಬ್ಬಿ ಯಾಕೆ ಖಾಲಿ ಇಟ್ಟಿದ್ದೀರಿ?’ ಎಂದಳು. ಆ ಡಬ್ಬಿಯ ಹೆಸರು ಹೊರಾಡ್ರಿಕ್ ಕ್ಯೂಬ್. ಚೀಲದಲ್ಲಿ ಅದು ನಾಲ್ಕೇ ಚೌಕ ಹಿಡಿಯುತ್ತದೆ, ಒಳಗೆ ಹನ್ನೆರಡು ಚೌಕದಷ್ಟು ನುಂಗುತ್ತದೆ. ಅವಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಊರಿಂದ ಬರುವಾಗ ಅವಳ ಸೂಟ್‌ಕೇಸಿನಲ್ಲಿ ಐದು ಲೀಟರಿನ ಕುಕ್ಕರು, ಕುಕ್ಕರಿನೊಳಗೆ ಸಾರಿನ ಪುಡಿ, ಪುಡಿಯ ಪಕ್ಕ ಹುಣಸೆಹಣ್ಣು, ಸಂದಿಗಳಲ್ಲಿ ಹುರಿಗಡಲೆ, ಮುಚ್ಚಳದ ಅಡಿಯಲ್ಲಿ ನನ್ನ ಕಾಲುಚೀಲ. ತಕ್ಕಡಿಗೆ ಇಟ್ಟರೆ 29 ಕೆಜಿ 800 ಗ್ರಾಂ. ಆಟದವರು ಕ್ಯೂಬಿನೊಳಗೆ ಕ್ಯೂಬ್ ಇಡಲು ಬಿಡುವುದಿಲ್ಲ. ಈಕೆ ಕುಕ್ಕರಿನೊಳಗೆ ಇನ್ನೊಂದು ಚಿಕ್ಕ ಕುಕ್ಕರು ಇಟ್ಟವಳು.

ಮಂತ್ರಶಿಲೆಗಳ ವಿಷಯದಲ್ಲೂ ಮರ್ಯಾದೆ ಹೋಯಿತು. ರೂನ್ ಎಂಬ ಅಕ್ಷರದ ಕಲ್ಲುಗಳು ಒಟ್ಟು 33. ಅವನ್ನು ಗುರಾಣಿಯ ತೂತುಗಳಲ್ಲಿ ಸರಿಯಾದ ಕ್ರಮದಲ್ಲಿ ಕೂರಿಸಿದರೆ ಮಂತ್ರ ಹುಟ್ಟುತ್ತದೆ. ಪರ್ವತದ ಮೇಲೆ ಸೆರೆಸಿಕ್ಕ 15 ಸೈನಿಕರನ್ನು ಬಿಡಿಸಿ ತಂದರೆ ಮೂರು ಕಲ್ಲು ಬಹುಮಾನ. ರಲ್, ಓರ್ಟ್, ತಲ್ ಎಂದು ಕೂರಿಸಬೇಕಾದಲ್ಲಿ ನಾನು ತಲ್, ರಲ್, ಓರ್ಟ್ ಎಂದು ಕೂರಿಸಿದೆ. ಕಮಲ ಬರೆಯಲು ಹೋಗಿ ಮಕಲ ಬರೆದ ಹಾಗೆ. ಮಂತ್ರವೂ ಇಲ್ಲ, ಗುರಾಣಿಯೂ ಹಾಳು. ತಪ್ಪು ಮತ್ತೆ ಆಗದಿರಲಿ ಎಂದು ಅಡುಗೆಮನೆಯಲ್ಲೂ ‘ರಲ್ ಓರ್ಟ್ ತಲ್’ ಎಂದು ಗುನುಗುತ್ತಿದ್ದೆ. ಒಳ್ಳೆಯ ಬುದ್ಧಿ ಬಂದು ಸಂಧ್ಯಾವಂದನೆ ಶುರುಮಾಡಿದ್ದೇನೆ ಎಂದು ನನ್ನಾಕೆ ಊರಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಳು.

ಮುಂದಿನ ವರ್ಷ ಅಮ್ಮ ಮೂರು ತಿಂಗಳಿಗೆ ಬಂದರು. ನಮ್ಮ ಕಡೆ ಕುರುಕ್ಷೇತ್ರ ನಾಟಕವನ್ನು ರಾತ್ರಿಯಿಡೀ ನೋಡಿ ಅರಗಿಸಿಕೊಂಡ ಜೀವ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು.

‘ಅದೇನೋ ಮಗಾ, ಹೊತ್ತಾರೆಯಿಂದ ಕೊಚ್ತಾನೇ ಇದ್ದೀಯಲ್ಲ?’

ಕಥೆ ಹೇಳಿದೆ.

‘ಮೂರು ಜನ ಅಣ್ತಮ್ಮಂದಿರೂ ರಾಕ್ಷಸರೇನಾ? ಒಬ್ಬ ವಿಭೀಷಣಾನೂ ಇಲ್ವಾ?’

ಇಲ್ಲಮ್ಮ, ಆದರೆ ಊರೊಳಗೇ ಇದ್ದುಕೊಂಡು ಶತ್ರುವಿಗೆ ದಾರಿ ಬಿಟ್ಟ ನಿಹ್ಲಥಾಕ್ ಎಂಬ ಹಿರಿಯನೊಬ್ಬ ಇದ್ದಾನೆ ಎಂದೆ. ಅಮ್ಮನ ಕಣ್ಣು ಅರಳಿತು. ಶಕುನಿಯಿಲ್ಲದ ನಾಟಕಕ್ಕೆ ಅವರ ಲೆಕ್ಕದಲ್ಲಿ ಟಿಕೆಟ್ಟು ಕೊಡಬಾರದು. ‘ಅವನ್ನ ಮೊದಲು ಹೊಡಿ. ಆಮೇಲೆ ಊಟಕ್ಕೆ ಬಾ.’ ಹೊಡೆಯುವಷ್ಟರಲ್ಲಿ ಅನ್ನ ಆರಿತ್ತು. ಅಮ್ಮ ಬೈಯಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಹಳೆಯ ಆಟಕ್ಕೆ ಹೊಸ ಸುಣ್ಣಬಣ್ಣ ಹೊಡೆದು ಮತ್ತೆ ಬಿಟ್ಟರು. ಮಗನೇ ಡೌನ್‌ಲೋಡ್ ಮಾಡಿಕೊಟ್ಟ. ಹಿಮ ಹೊಳೆಯಿತು, ಬೆಂಕಿ ನಿಜವಾದ ಬೆಂಕಿಯಂತೆ ಉರಿಯಿತು. ಟ್ರಂಕು ನೂರು ಚೌಕದ್ದಾಗಿತ್ತು, ಸಾಲದೆಂದು ಜೊತೆಗೆ ಇನ್ನೂ ಮೂರು. ಏನನ್ನೂ ಬಿಟ್ಟು ಬರಬೇಕಿಲ್ಲ, ಏನನ್ನು ಇಟ್ಟುಕೊಳ್ಳಲಿ ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ಅರ್ಧ ಗಂಟೆಯಲ್ಲಿ ನನಗೆ ಆಕಳಿಕೆ ಬಂತು. ಜಿ ಎಂಬ ಗುಂಡಿ ಒತ್ತಿದರೆ 2001ರ ಹಳೇ ಮಸುಕು ಚಿತ್ರ ಬರುತ್ತದೆ. ಒತ್ತಿದೆ. ‘ಅಪ್ಪಾ, ಇದರಲ್ಲಿ ಏನ್ ಕಾಣ್ಸುತ್ತೆ ನಿಂಗೆ?’ ಎಂದ ಮಗ. ಕೋಮಲ ವಿಲಾಸದ ದೋಸೆ ಕಾಣಿಸುತ್ತದೆ ಎನ್ನಲು ಹೋಗಿ ಸುಮ್ಮನಾದೆ.

ಮೊನ್ನೆ ಭಾನುವಾರ ಪೆಟ್ಟಿಗೆ ಹಿಡಿದು ಇದನ್ನೆಲ್ಲ ನೆನೆಯುತ್ತ ನಿಂತಿದ್ದೆ, ಅಷ್ಟರಲ್ಲಿ ಕೆಳಗೆ ಹಾರ್ನು ಕೇಳಿಸಿತು. ಕಾರಂಗ್ ಗುನಿ, ನಮ್ಮ ಹಳೇ ಪೇಪರ್‌ನವನ ಸಿಂಗಪುರದ ಅವತಾರ. ಮಲಯದ ಗುನಿ ನಮ್ಮ ಗೋಣಿಯ ನೆಂಟನೇ, ಆದ್ದರಿಂದ ಅವನ ಮೇಲೆ ನನಗೆ ಭಾಷಾಭಿಮಾನವೂ ಉಂಟು. ಹಳೆಯ ಸಿಪಿಯು ಕೊಟ್ಟೆವು, ಒಳಗಿದ್ದ ಸೌಂಡ್ ಬ್ಲಾಸ್ಟರ್ ಸಮೇತ. ಐದು ಡಾಲರ್ ಕೈಗಿಟ್ಟ. ನನ್ನಾಕೆ ರಟ್ಟಿನ ಪೆಟ್ಟಿಗೆಯನ್ನೂ ಅವನತ್ತ ಚಾಚಿದವಳು, ನನ್ನ ಮುಖ ನೋಡಿ ವಾಪಸು ತೆಗೆದುಕೊಂಡಳು. ಮಗನ ಬೂಟು, ಮಾವಿನ ಮಿಡಿ ಭರಣಿ ಇವೆರಡರ ನಡುವೆ ಸರಿಯಾಗಿ ಒಂದು ಚೌಕ ಜಾಗವಿತ್ತು. ಅಲ್ಲಿ ತುರುಕಿ ಉಕ್ಕಿನ ಬಾಗಿಲು ಹಾಕಿದಳು.

ಈಗ ಒಂದೇ ತೊಂದರೆ. ಮನೆಯಲ್ಲಿರುವ ನಾಲ್ಕು ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೂ ಸಿಡಿ ಹಾಕುವ ಬಾಯಿ ಇಲ್ಲ. ಸಿಂಗಪುರದಲ್ಲಿರುವ ಕನ್ನಡಿಗರಲ್ಲಿ ಯಾರ ಬಾಂಬ್ ಶೆಲ್ಟರಿನಲ್ಲಾದರೂ ಹಳೆಯ ಸಿಡಿ ಡ್ರೈವ್ ಬಿದ್ದಿದ್ದರೆ ದಯವಿಟ್ಟು ಕಾರಂಗ್ ಗುನಿಗೆ ಹಾಕಬೇಡಿ. ನಾನೇ ಬಂದು ಒಯ್ಯುತ್ತೇನೆ, ಬರುವಾಗ ಮಾವಿನ ಮಿಡಿ ತರುತ್ತೇನೆ.