ಹಳೆಯ ಕರ್ನೆಲ್‌ಗಳ ವಿಲೇವಾರಿ

ಹೊಸದು ಬಂದರೆ ಹಳೆಯದು ತಾನಾಗಿ ತೊಲಗುತ್ತದೆ ಎಂಬ ನಂಬಿಕೆಗೆ ಆದವಾನಿ ಸೀಮೆಯಲ್ಲಿ ಆಧಾರ ಸಿಗುವುದು ಕಷ್ಟ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯವನ್ನು ಸೇರಿದವು, ಕರ್ನೂಲಿಗೆ ಒಲಿದ ರಾಜಧಾನಿಯ ಪಟ್ಟ 1956ರಲ್ಲಿ ಹೈದರಾಬಾದಿಗೆ ಹೋಯಿತು, ತಾಲ್ಲೂಕುಗಳು ಮಂಡಲಗಳಾದವು, 2022ರಲ್ಲಿ ನಂದ್ಯಾಲವೂ ಬೇರೆ ಜಿಲ್ಲೆಯಾಯಿತು. ಇಷ್ಟಾದರೂ ಹೊಳಗುಂದ, ಕೌತಾಳಂ, ಕೋಸಿಗಿಗಳ ಕಡೆ ಕನ್ನಡ ಇನ್ನೂ ಮನೆಮಾತಾಗಿಯೇ ನಡೆದಿದೆ. ಲಿನಕ್ಸ್ ಗಣಕವೂ ಇದೇ ಸೀಮೆಯ ಸ್ವಭಾವದ್ದು: ಹೊಸ ಕರ್ನೆಲ್ ಬಂದರೂ ಹಳೆಯದು ಅಲ್ಲೇ ಉಳಿಯುತ್ತದೆ.

ಕರ್ನೆಲ್ ಎಂಬುದು ಯಂತ್ರಕ್ಕೂ ಅದರ ಮೇಲೆ ಓಡುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ಸಂಭಾಳಿಸುವ ಮೂಲ ತಂತ್ರಾಂಶ. ಲಿನಕ್ಸ್‌ನ ಕರ್ನೆಲನ್ನು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದರು. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯಲ್ಲಿ ಹೊಸ ಕರ್ನೆಲ್ ಹಳೆಯದನ್ನು ಎಬ್ಬಿಸದೆ ಅದರ ಪಕ್ಕದಲ್ಲೇ ಬಂದು ಕೂರುತ್ತದೆ, ಏಕೆಂದರೆ ಹೊಸದು ಕೈಕೊಟ್ಟ ದಿನ ಗ್ರಬ್ ಎಂಬ ಆರಂಭಕ ತಂತ್ರಾಂಶದ ಪಟ್ಟಿಯಿಂದ ಹಳೆಯದನ್ನೇ ಆರಿಸಿ ಗಣಕವನ್ನು ನಡೆಸಬಹುದು. ವಿವೇಕದ ಏರ್ಪಾಡೇ ಸರಿ. ಆದರೆ ಈ ಕರ್ನೆಲ್‌ಗಳೆಲ್ಲ ತಂಗುವ ಬೂಟ್ ವಿಭಾಗ ಅನೇಕ ಗಣಕಗಳಲ್ಲಿ ಪ್ರತ್ಯೇಕವಾದ, ಬಲು ಇಕ್ಕಟ್ಟಿನ ಜಾಗ.

ಆದವಾನಿಯ ಹತ್ತಿ ಮಂಡಿಯೊಂದರ ಗುಮಾಸ್ತನನ್ನು ಊಹಿಸಿಕೊಳ್ಳುವುದಾದರೆ, ಅವನ ಗಣಕದಲ್ಲಿ ನೂರಾರು ಜಿಬಿ ಖಾಲಿ ಬಿದ್ದಿರುವಾಗಲೇ ಬೂಟ್ ವಿಭಾಗ ತುಂಬಿ ಪರದೆಯ ಮೇಲೆ ಜಾಗವಿಲ್ಲವೆಂಬ ದೂರು ಮೂಡುತ್ತದೆ. ಅವನು ಧಣಿಯ ಮಗಳ ಮದುವೆಯ ವಿಡಿಯೊಗಳನ್ನು ಅಳಿಸುತ್ತಾನೆ. ದೂರು ನಿಲ್ಲುವುದಿಲ್ಲ, ಧಣಿಯ ಮನೆಯಿಂದ ಇನ್ನೊಂದು ದೂರು ಬರುತ್ತದೆ. ರೋಸಿಹೋಗಿ ಬೂಟ್ ವಿಭಾಗದ ಕಡತಗಳನ್ನೇ ಕೈಯಾರೆ ಕಿತ್ತರೆ ಅನಾಹುತ ಪೂರ್ಣವಾಗುತ್ತದೆ: ಕಡತ ಹೋದರೂ ವ್ಯವಸ್ಥೆ ಇಟ್ಟ ಪ್ಯಾಕೇಜುಗಳ, ಎಂದರೆ ತಂತ್ರಾಂಶದ ಕಟ್ಟುಗಳ, ಲೆಕ್ಕದಲ್ಲಿ ಕರ್ನೆಲ್ ಜೀವಂತವಾಗಿರುತ್ತದೆ, ಗ್ರಬ್ ಪಟ್ಟಿಯೂ ಹೊಸದಾಗುವ ತನಕ ಅದರ ಹೆಸರನ್ನು ಹೇಳುತ್ತಲೇ ಇರುತ್ತದೆ.

ಶಾಸ್ತ್ರೋಕ್ತ ಕ್ರಮ ಸರಳವಾದದ್ದು. ಮೊದಲು ಗಣಕವನ್ನು ಮತ್ತೆ ಚಾಲೂ ಮಾಡಿ ಹೊಸ ಕರ್ನೆಲ್ ಸರಿಯಾಗಿ ನಡೆಯುವುದನ್ನು ಕಾಣಬೇಕು. ಈಗ ಓಡುತ್ತಿರುವುದು ಯಾವುದೆಂದು ‘ಯುನೇಮ್ ಹೈಫನ್ ಆರ್’ ಎಂಬ ಆಜ್ಞೆಯಿಂದ ತಿಳಿದುಕೊಂಡು, ಅದನ್ನು ಎಂದೂ ಮುಟ್ಟಬಾರದು. ಅದಕ್ಕೆ ಹಿಂದಿನ, ಪಳಗಿದ ಒಂದನ್ನು ಆಪತ್ಕಾಲಕ್ಕೆ ಉಳಿಸಿಕೊಳ್ಳಬೇಕು. ಉಳಿದವನ್ನು ತೆಗೆಯಲು ‘ಸುಡೊ ಆಪ್ಟ್ ಆಟೊರಿಮೂವ್’ ಎಂದು ಬರೆದು, ತೆಗೆಯಲಿರುವ ಪ್ಯಾಕೇಜುಗಳ ಪಟ್ಟಿಯನ್ನು ಓದಿದ ಮೇಲೆಯೇ ಒಪ್ಪಿಗೆ ಕೊಡಬೇಕು. ಓದದೆ ಸಹಿ ಹಾಕುವ ಕಚೇರಿ ಸಂಪ್ರದಾಯ ಇಲ್ಲಿ ನಡೆಯದು.

ಹೀಗೆ ಗಳಿಸಿದ ಜಾಗದಲ್ಲಿ ಸಿನಿಮಾ ತುಂಬಿಕೊಳ್ಳಬಹುದೆಂದು ಹಿಗ್ಗುವವರಿಗೆ ಬೂಟ್ ವಿಭಾಗದ ಉತ್ತರ ಚುಟುಕಾದದ್ದು: ಆ ಜಾಗ ಆಗಲೇ ಮುಂದಿನ ಕರ್ನೆಲ್‌ಗೆ ಮೀಸಲಾಗಿದೆ.