ಛಾಯಾಯಂತ್ರ ಕ್ಷತಮೀಮಾಂಸೆ

ಅನ್ಯಹಸ್ತದಿಂದ ಕ್ಯಾಮೆರಾವೊಂದನ್ನು ಕೊಳ್ಳಹೊರಟವನು ಮೊದಲು ಅರಿಯತಕ್ಕದ್ದು ಅದರ ಷಟರು ತೆರೆದು ಮುಚ್ಚುವುದೇ ಎಂಬ ಕ್ಷುದ್ರವಿಷಯವನ್ನಲ್ಲ, ಅದರ ಮೈಮೇಲಿನ ಗೀರುಗಳ ತತ್ತ್ವವನ್ನು ಎಂದು ಈ ಶಾಸ್ತ್ರದ ಆಚಾರ್ಯರು, ಅರ್ಥಾತ್ ಹಳೆಯ ಕ್ಯಾಮೆರಾಗಳ ವರ್ತಕರೂ ಅವರಿಗಿಂತ ಕಠೋರರಾದ ಸಂಗ್ರಾಹಕರೂ, ಏಕಕಂಠದಿಂದ ಸಾರಿರುವುದರಿಂದ, ನಾವೂ ಕ್ಷತದ ಲಕ್ಷಣದಿಂದಲೇ ಉಪಕ್ರಮಿಸುವೆವು. ‘ಯಂತ್ರಕಾಯನಿಷ್ಠವರ್ಣಲೋಪತ್ವೇ ಸತಿ ಮೌಲ್ಯಹ್ರಾಸಜನಕತ್ವಂ ಕ್ಷತತ್ವಂ.’ ಬಣ್ಣವೂ ಹೋಗಿರಬೇಕು, ಬೆಲೆಯೂ ಇಳಿದಿರಬೇಕು ಎಂದು ತಾತ್ಪರ್ಯ.

ಈ ಲಕ್ಷಣಕ್ಕೆ ಅವ್ಯಾಪ್ತಿದೋಷವುಂಟೆಂದು ಪೂರ್ವಪಕ್ಷಿಗಳು ಆಕ್ಷೇಪಿಸುವರು. 2015ರಲ್ಲಿ ಜರ್ಮನಿಯ ಲೈಕಾ ಸಂಸ್ಥೆಯು ಅಮೆರಿಕದ ಗಾಯಕ ಲೆನ್ನಿ ಕ್ರಾವಿಟ್ಜ್ ಎಂಬಾತನ ಕಲ್ಪನೆಯಂತೆ ‘ಕರೆಸ್ಪಾಂಡೆಂಟ್’ ಎಂಬ ಹೆಸರಿನ ಕೇವಲ 125 ಕ್ಯಾಮೆರಾಗಳನ್ನು ಹೊರತಂದು, ಹೊಚ್ಚಹೊಸ ಕಪ್ಪು ಬಣ್ಣವನ್ನು ಕೈಯಿಂದಲೇ ಉಜ್ಜಿ ತೆಗೆದು, ಒಳಗಿನ ಹಿತ್ತಾಳೆ ಇಣುಕುವಂತೆ ಮಾಡಿ, ಸಾಧಾರಣ ಮಾದರಿಗಿಂತ ಬಹಳ ಮೇಲಿನ ಬೆಲೆಗೆ ಮಾರಿತಷ್ಟೆ. ಯಾವ ಯುದ್ಧಭೂಮಿಯನ್ನೂ ಕಾಣದೆ ವರದಿಗಾರನ ಮೈಗಾಯಗಳನ್ನು ಪಡೆದ ಆ ಯಂತ್ರದಲ್ಲಿ ವರ್ಣಲೋಪವುಂಟು, ಮೌಲ್ಯಹ್ರಾಸ ಮಾತ್ರ ಕಾಣದು. ಸಮಾಧಾನ ಹೀಗೆ: ವರ್ತಕನು ನಮ್ಮಿಂದ ಕೊಳ್ಳುವಾಗ ಅದು ಕ್ಷತ, ನಮಗೆ ಮಾರುವಾಗ ಪಟೀನಾ. ಇದರಿಂದ ಲಕ್ಷಣಕ್ಕೆ ಬಾಧೆಯಿಲ್ಲ, ಬಾಧೆಯೆಲ್ಲ ನಮ್ಮ ಜೇಬಿಗೆ.

ಕ್ಷತವು ವರ್ಣಗತ, ಚರ್ಮಗತ, ಭ್ರಾಂತಿಗತ, ಲೋಹಗತ ಎಂದು ಚತುರ್ವಿಧ. 1959ರಲ್ಲಿ ಬಂದ ನಿಕಾನ್ ಎಫ್‌ನ ಕಪ್ಪು ಮೈಯಲ್ಲಿ, ಬೆರಳೂ ಪಟ್ಟಿಯೂ ವರ್ಷಗಟ್ಟಲೆ ಉಜ್ಜಿದ ಅಂಚುಗಳಿಂದ ಹಿತ್ತಾಳೆ ಹೊಳೆಯುವುದು ವರ್ಣಗತ. ಚರ್ಮಗತವು ಪುನಃ ದ್ವಿವಿಧ: 1954ರ ಲೈಕಾ ಎಂ3ಯ ಮೈಹೊದಿಕೆಯಾದ ವಲ್ಕನೈಟು ಮುಪ್ಪಡರಿ ಬಿರಿದು ಚಕ್ಕೆಚಕ್ಕೆಯಾಗಿ ಉದುರುವುದು ಪತನ, ಹಳೆಯ ಕಾಂಟ್ಯಾಕ್ಸ್‌ಗಳಲ್ಲಿ ಚರ್ಮದಡಿಯ ರಿವೆಟ್ಟುಗಳಿಗೆ ಕಿಲುಬು ಹಿಡಿದು ಮೇಲೆ ಗುಳ್ಳೆಗಳೇಳುವುದು ಉತ್ಪಾತ. ಇನ್ನು ಭ್ರಾಂತಿಗತಕ್ಕೆ 1976ರ ಕ್ಯಾನನ್ ಎಇ-1 ಪ್ರಸಿದ್ಧೋದಾಹರಣೆ. ಅದರ ಮೇಲ್ಮುಚ್ಚಳವು ಲೋಹದ ಕಳೆಯನ್ನು ಹೊದ್ದ ಎಬಿಎಸ್ ಪ್ಲಾಸ್ಟಿಕ್ಕಾದುದರಿಂದ, ಶುಕ್ತಿಯಲ್ಲಿ ರಜತವನ್ನು ಕಂಡು ಮೋಸಹೋದವನ ಗತಿಯನ್ನು ಕಲಿಸಲು ವೇದಾಂತದ ಅಧ್ಯಾಪಕರು ಇನ್ನು ಮೇಲೆ ಕಡಲತೀರಕ್ಕೆ ಹೋಗಬೇಕಾಗಿಲ್ಲ. ಲೋಹಗತವು ಅಷ್ಟಾದಶಪ್ರಭೇದವುಳ್ಳದ್ದು. ಅವನ್ನು ಬಿಡೋಣ, ನೆಗ್ಗಿದ್ದು ನೆಗ್ಗಿದ್ದೇ.

ಚಿಕಿತ್ಸಾಪ್ರಕರಣವು ಹ್ರಸ್ವ. ಹಿತ್ತಾಳೆ ಕಂಡಲ್ಲಿ ಕಪ್ಪು ಮಾರ್ಕರ್ ಪೆನ್ನನ್ನು ತೀಡುವುದು ಒಂದು ಸಂಪ್ರದಾಯ; ಹಾಗೆ ತೀಡಿದವನನ್ನು ಪಂಕ್ತಿಯಿಂದೆಬ್ಬಿಸುವುದು ಮತ್ತೊಂದು. ನಿಕಾನ್ ಎಫ್90ರ ಹಿಂಬದಿಯ ಮುಚ್ಚಳದಂತೆ ಜಿಗುಟಾದ ರಬ್ಬರ್ ಲೇಪಕ್ಕೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಗುಣ. ಕ್ಷತವೇ ಆಗದಂತೆ ತಡೆಯುವ ಪರಮೋಪಾಯವೆಂದರೆ ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿ ಗುಂಡಿ ಬಿಗಿದು ಬೀರುವಿನಲ್ಲಿಡುವುದು. ನಮ್ಮ ಕರಾವಳಿಯಲ್ಲಿ ಹಾಗೆ ನಾಲ್ಕು ಮಳೆಗಾಲ ಕಾಪಾಡಿದ ಕ್ಯಾಮೆರಾದ ಮೈ ಕನ್ನಡಿಯಂತಿರುವುದು. ಚೀಲವು ಹಿಡಿದಿಟ್ಟ ತೇವದಿಂದ ಮಸೂರದೊಳಗೆ ಬೂಷ್ಟು ಜೇಡನಂತೆ ಬಲೆ ಹೆಣೆದಿರುವುದು.

ಈ ಮೈಕಾಂತಿಗೇ ‘ಮಿಂಟ್’ ಎಂಬ ಪದವಿ. ಅದರ ಕೆಳಗೆ ‘ನಿಯರ್ ಮಿಂಟ್’, ಅದರ ಕೆಳಗೆ ಕೂಡುಚಿಹ್ನೆಗಳನ್ನು ಬಿರುದುಗಳಂತೆ ಹೊತ್ತ ‘ಎಕ್ಸಲೆಂಟ್’ಗಳು, ಎಲ್ಲಕ್ಕಿಂತ ಕೆಳಗೆ, ಬಾಗಿಲಾಚೆ, ‘ಯೂಸರ್’. ಕೆಲಸಮಾಡಿದ್ದಕ್ಕೆ ಈ ದರ್ಜೆ! ಇಷ್ಟೆಲ್ಲ ತಾರತಮ್ಯ ಮಾಡಿ, ಕೂದಲೆಳೆಯಷ್ಟು ಗೀರನ್ನೂ ಬಿಡದೆ ಬರೆದಿಟ್ಟ ಮಹಾನುಭಾವನು ಷಟರಿನ ವಿಷಯಕ್ಕೆ ಬಂದೊಡನೆ ‘ಅನ್‌ಟೆಸ್ಟೆಡ್’ ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುವನು. ಗುಂಡಿಯನ್ನೊತ್ತಲು ಬೆರಳಿರಲಿಲ್ಲವೇ? ಹಿಂಬಾಗಿಲು ತೆರೆದು ಬೆಳಕಿಗೆ ಹಿಡಿಯಲು ಕಣ್ಣಿರಲಿಲ್ಲವೇ? ಚಿತ್ರ ತೆಗೆಯುವ ಯಂತ್ರವನ್ನು ಚಿತ್ರ ತೆಗೆಯುವುದೇ ಎಂದು ಕೇಳದೆ ತೂಗಿದ ಈ ವಿದ್ವತ್ತಿಗೆ ಇನ್ನು ಸಂಸ್ಕೃತದಲ್ಲಿ ಲಕ್ಷಣ ಕಟ್ಟಿಕೊಡುವ ಉತ್ಸಾಹ ನನಗಿಲ್ಲ.

‘ಯೂಸರ್’ ಎಂದು ಬಾಗಿಲಾಚೆ ನಿಲ್ಲಿಸಿದ ಯಂತ್ರಗಳ ಮೈ ಸವೆದದ್ದು ಯಾರ ಕೈಯಲ್ಲಿ? ಊರಿಗೊಂದರಂತೆ ಇದ್ದ ಸ್ಟುಡಿಯೋಗಳವರು ಕೊರಳಿಗೆ ಯಾಷಿಕಾ-ಮ್ಯಾಟನ್ನು ತೂಗುಹಾಕಿಕೊಂಡು, ಒಂದು ರೋಲಿನ 12 ಚಿತ್ರಗಳಲ್ಲಿ ಮಾಂಗಲ್ಯಕ್ಕೆಷ್ಟು, ಧಾರೆಗೆಷ್ಟು ಎಂದು ಮನಸ್ಸಿನಲ್ಲೇ ಹಂಚಿಕೊಂಡು, ಹೊಗೆಯ ನಡುವೆ ತಲೆಬಾಗಿಸಿ ಮೇಲಿನ ಗಾಜಿನಲ್ಲಿ ವಧೂವರರನ್ನು ಎಡಬಲ ಅದಲುಬದಲಾಗಿ ಕಂಡವರು. ಎಡಗೈ ಫೋಕಸಿನ ತಿರುಪನ್ನೂ ಬಲಗೈ ಫಿಲ್ಮಿನ ಹಿಡಿಕೆಯನ್ನೂ ತಿರುಗಿಸಿ ತಿರುಗಿಸಿ ಆದ ಸವೆತ ಅದು. ಅವರ ನೆಗೆಟಿವ್‌ಗಳಾದರೋ ಎಷ್ಟೋ ಕಡೆ ಬೆಳ್ಳಿಯ ಅಂಶಕ್ಕಾಗಿ ಕಿಲೋ ಲೆಕ್ಕದಲ್ಲಿ ಹೋದುವು. ಒಂದು ತಾಲ್ಲೂಕಿನ ಅಜ್ಜಿಯರೆಲ್ಲ ಮದುಮಗಳಾಗಿದ್ದ ಮುಖಗಳು ತಕ್ಕಡಿಯಲ್ಲಿ ಕುಳಿತುವು. ಅವುಗಳಿಗೆ ದರ್ಜೆ ಕೊಡಲು ಯಾವ ಆಚಾರ್ಯನೂ ಬರಲಿಲ್ಲ.

ಅಂಥ ಹಿರಿಯರೊಬ್ಬರು ತಮ್ಮ ಯಾಷಿಕಾವನ್ನು ಮಾರಲು ಒಯ್ದಾಗ ಜೊತೆಗೆ ನಾನೂ ಇದ್ದೆ. ಅಂಗಡಿಯವನು ಭೂತಗನ್ನಡಿ ಹಿಡಿದು ಸುತ್ತಲೂ ನೋಡಿ, “ಬಾಡಿ ತುಂಬ ರಫ್ ಆಗಿದೆ ಯಜಮಾನ್ರೆ, ಷೋಕೇಸಿಗೂ ಬರಲ್ಲ” ಎಂದ. ಹಿರಿಯರು ಸಾವಧಾನವಾಗಿ, “ಒಂದು ಸೆಕೆಂಡಿಗಿಟ್ಟು ಕಿವಿ ಹತ್ತಿರ ಹಿಡಿದು ನೋಡಿದಿರೇನಪ್ಪ? ನಿಧಾನದ ಸ್ಪೀಡು ಇವತ್ತಿಗೂ ತಡವರಿಸೋದಿಲ್ಲ” ಎಂದರು. ಅವನು ಕ್ಯಾಮೆರಾವನ್ನು ಕಿವಿಯವರೆಗೆ ಒಯ್ಯಲೇ ಇಲ್ಲ. ಭೂತಗನ್ನಡಿಯನ್ನು ತಳದ ಕಡೆಗೆ ತಿರುಗಿಸಿ, ಅಲ್ಲಿ ಇನ್ನೆರಡು ಗೀರುಗಳನ್ನು ಹುಡುಕಿ, ಹೇಳಿದ ಬೆಲೆಯಲ್ಲಿ ಮತ್ತೆ ಐನೂರು ರೂಪಾಯಿ ಕಡಿಮೆ ಮಾಡಿದ.