ಇಲ್ಲೇ ಐತಿ ಬರ್ರಿ

ಬಳ್ಳಾರಿಯ ನೀರು ಕುಡಿದವರಿಗೆ ಗುಡ್ಡದ ಎತ್ತರ ಅಂದಾಜಿಗೆ ಸಿಗುವುದಿಲ್ಲ. ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. ಹೈದರಾಲಿ ನಮ್ಮ ಕೋಟೆಯನ್ನು ಗಟ್ಟಿ ಮಾಡಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ಕರೆಸಿದನಂತೆ. ಎಲ್ಲಾ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಕೋಟೆಗುಡ್ಡಕ್ಕಿಂತ ಎತ್ತರ! ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದರು ಅಂತ ಊರಲ್ಲಿ ಕಥೆ. ಪಾಪ, ಅವನೂ ನನ್ನ ಹಾಗೆ ಕೆಳಗೆ ನಿಂತೇ ಅಳತೆ ಮಾಡಿರಬೇಕು.

ಸಂಡೂರಿನ ನಾರಿಹಳ್ಳದ ಡ್ಯಾಮಿನ ಮೇಲಿನ ಗುಡ್ಡದ ಏಣಿನ ಮೇಲೆ ನಡೆಯೋಣ ಎಂದು ಗೆಳೆಯ ಹೊರಡಿಸಿದಾಗ, ಕೋಟೆಗುಡ್ಡವನ್ನು ಎರಡು ಸಲ ಹತ್ತಿದವನೆಂಬ ಜಂಬದಲ್ಲಿ ಒಪ್ಪಿಕೊಂಡೆ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ಸೆಪ್ಟೆಂಬರಿನಲ್ಲಿ ಈ ಊರು ನೋಡಬೇಕು ಅಂದರಂತೆ. ಅಲ್ಲಿಯವರು ಇವತ್ತಿಗೂ ಅದನ್ನು ಹೇಳಿಕೊಂಡು ಬೀಗುತ್ತಾರೆ. ನೋಡಬೇಕು ಅಂದಿದ್ದರೇ ಹೊರತು ಹತ್ತಬೇಕು ಅಂದಿರಲಿಲ್ಲ. ಇದು ನನಗೆ ಹೊಳೆದದ್ದು ಅರ್ಧ ಗುಡ್ಡದಲ್ಲಿ.

ನಮ್ಮ ಕೋಟೆಗುಡ್ಡ ಪ್ರಾಮಾಣಿಕ. ಬೋಳು ಬಂಡೆ, ತುದಿ ಎಲ್ಲಿದೆಯೋ ಅಲ್ಲೇ ಕಾಣುತ್ತದೆ. ಸಂಡೂರಿನದು ಕಿಲಾಡಿ. ಎದೆಯುದ್ದ ಹುಲ್ಲು ಸರಿಸಿಕೊಂಡು, ಕಾರೆಮುಳ್ಳಿಗೆ ಅಂಗಿತೋಳು ಕೊಟ್ಟು, ‘ಬಂತಪ್ಪಾ ತುದಿ’ ಎಂದು ನಿಂತರೆ ಅದರ ಹಿಂದೆ ಇನ್ನೊಂದು ದಿಬ್ಬ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿರುತ್ತದೆ.

ಆಡು ಕಾಯುತ್ತಿದ್ದ ಒಬ್ಬ ಅಜ್ಜ ಸಿಕ್ಕ.

“ಅಜ್ಜಾ, ಇನ್ನಾ ಎಷ್ಟು ದೂರ?”

“ಇಲ್ಲೇ ಐತಿ ಬರ್ರಿ.”

ಮೂರು ದಿಬ್ಬ ದಾಟಿದ ಮೇಲೂ ಅದೇ ಉತ್ತರ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ‘ಇಲ್ಲೇ’ ಆಡಿನ ಕಾಲಿನ ಲೆಕ್ಕ, ನನ್ನದು ಆಟೋದ ಲೆಕ್ಕ.

ಕೊನೆಗೂ ಕೂತಾಗ ಕೆಳಗೆ ಡ್ಯಾಮಿನ ನೀರು, ದಂಡೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಎಮ್ಮೆಗಳು. ಎದುರಿನ ಸಾಲಿನಲ್ಲಿ ಒಂದು ಗುಡ್ಡವನ್ನು ಗಣಿಯವರು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿದ್ದರು, ಚಾಕು ಹಾಕಿ ಅರ್ಧ ತಿಂದು ಬಿಟ್ಟ ಮೈಸೂರುಪಾಕಿನಂತೆ. ಸುತ್ತ ಅಷ್ಟು ಹಸಿರು, ಅಲ್ಲಿ ಮಾತ್ರ ಕೆಂಪು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದಮ್ಮು ಹತ್ತಿದ್ದೂ ಒಂದು ಕಾರಣ ಅನ್ನಿ.

ಕಟ್ಟಿಸಿಕೊಂಡು ಹೋಗಿದ್ದ ಒಗ್ಗರಣಿ-ಮಿರ್ಚಿ ಬಿಚ್ಚಿದೆವು. ನಾನು ನೀರಿಗೆ ತಡಕಾಡುವಷ್ಟರಲ್ಲಿ ಒಂದು ಆಡು ಬಂದು ಮಿರ್ಚಿಯನ್ನು ಪೇಪರ್ ಸಮೇತ ತಿಂದಿತು. ಬಿಕ್ಕಳಿಕೆ ಬಂದದ್ದು ನನಗೆ.

ಅಲ್ಲೇ ನೆನಪಿಗೆಂದು ಮುಷ್ಟಿಗಾತ್ರದ ಕಲ್ಲೊಂದನ್ನು ಬ್ಯಾಗಿಗೆ ಹಾಕಿಕೊಂಡೆ. ಅದು ಹೆಮಟೈಟ್. ನಮ್ಮೂರಿನ ಬಂಡೆಕಲ್ಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಕ. ಇಳಿಯುವಾಗ ಪ್ರತಿ ತಿರುವಿಗೂ ಅದು ಮರಿ ಹಾಕುತ್ತಿದೆಯೇನೋ ಅನ್ನಿಸಿತು. ಬಸ್ಸಿನಲ್ಲಿ ಕೂತ ಮೇಲೆ ಗೆಳೆಯ ಕಿವಿಯಲ್ಲಿ ಕೇಳಿದ: “ಅದಿರು ಸಾಗಿಸಾಕ ಪರ್ಮಿಟ್ ಐತೇನು?” 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. ಆಗ ಲಾರಿಗಟ್ಟಲೆ ಸಾಗಿಸಿದವರ ಎದೆ ಹೊಡೆದುಕೊಂಡಿತೋ ಇಲ್ಲವೋ ಗೊತ್ತಿಲ್ಲ. ಒಂದು ಕಲ್ಲಿನ ನಾನು ಮಾತ್ರ ಖಾಕಿ ಬಟ್ಟೆ ಕಂಡಲ್ಲೆಲ್ಲ ಬ್ಯಾಗನ್ನು ಕಾಲಲ್ಲಿ ಸೀಟಿನಡಿ ತಳ್ಳಿದೆ. ಆ ಖಾಕಿ ಕಂಡಕ್ಟರನದು ಎಂದು ಆಮೇಲೆ ತಿಳಿಯಿತು.

ಮನೆಯಲ್ಲಿ ಹೆಂಡತಿ ನನ್ನ ಬಿಳಿ ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಮೂರು ಸಲ ಒಗೆದರೂ ಕೆಮ್ಮಣ್ಣು ಬಿಡಲಿಲ್ಲ. ಕಲ್ಲು ಈಗ ಗಾಳಿಗೆ ಬಡಿಯುವ ಹಿತ್ತಲ ಬಾಗಿಲಿಗೆ ಒತ್ತಾಗಿದೆ. ಅದನ್ನು ಸರಿಸಿದಲ್ಲೆಲ್ಲ ಟೈಲ್ಸಿನ ಮೇಲೆ ಒಂದು ಕೆಂಪು ಗೆರೆ. ಮೊನ್ನೆ ಅವಳು ನೆಲ ಒರೆಸುತ್ತಾ ಕೇಳಿದಳು:

“ಇದನ್ನ ತಂದಲ್ಲೇ ಒಗದು ಬರಾಕ ಎಷ್ಟು ದೂರ ಆಕ್ಕತಿ?”

“ಇಲ್ಲೇ ಐತಿ” ಅಂದೆ.